‘ಸ್ವಲ್ಪ ಸಮಯ ಹೋಗಲಿ’ ಅನ್ನುವವರಿಗೆ

ಕಾಸರಗೋಡಿನ ಪೆರ್ಲದ ಹತ್ತಿರ ಒಂದು ಮನೆಯೊಕ್ಕಲಿನ ಊಟಕ್ಕೆ ಹೋಗಿ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಚಿಕ್ಕಮ್ಮನ ಮಗಳು ಎರಡು ಹೆಣ್ಣುಮಕ್ಕಳನ್ನು ಕರೆದುಕೊಂಡು ಗಂಡನ ಮನೆ ಬಿಟ್ಟು ಬಂದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತುಂಟು. (ಅವಳಲ್ಲಿ ಕೇಳಿಯೇ ಬರೆಯುತ್ತಿದ್ದೇನೆ.) ಪಂಕ್ತಿಯಲ್ಲಿ ಕೂತವರೆಲ್ಲ ಅವಳಿಗೆ ಹೇಳಿದ್ದು ಒಂದೇ: "ಜೀವನಾಂಶಕ್ಕೆ ಅಂತ ಕೋರ್ಟುಗೀರ್ಟು ಬೇಡ ಮಾರಾಯ್ತಿ, ಸ್ವಲ್ಪ ಸಮಯ ಹೋಗಲಿ, ಅವನೇ ಸರಿಯಾದಾನು."

ಆ ಸಮಯ ಹೋಗುವವರೆಗೆ ಮೂವರು ತಿನ್ನುವುದೇನು? ಅವಳು ಬೀಡಿ ಕಟ್ಟುತ್ತಾಳೆ. ಮೊದಲಿನಷ್ಟು ಎಲೆ ಈಗ ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಕೊಡುವುದಿಲ್ಲ. ಸಣ್ಣವಳಿಗೆ ಮಧ್ಯಾಹ್ನದ ಊಟ ಶಾಲೆಯಲ್ಲಾಗುತ್ತದೆ. ದೊಡ್ಡವಳು ಹತ್ತನೆಯಲ್ಲಿ, ಶಾಲೆಯ ಊಟ ಎಂಟನೆಯವರೆಗೆ ಮಾತ್ರ, ಅವಳ ಬುತ್ತಿ ಮನೆಯಿಂದಲೇ ಆಗಬೇಕು. ರೇಷನ್ ಕಾರ್ಡಿನಲ್ಲಿ ಮೂವರ ಹೆಸರೂ ಇನ್ನೂ ಅತ್ತೆಯ ಮನೆಯಲ್ಲೇ ಉಂಟು. ಆ ಅಕ್ಕಿ ಅಲ್ಲೇ ಬೇಯುತ್ತದೆ. ಬುದ್ಧಿ ಹೇಳಿದವರಲ್ಲಿ ಒಬ್ಬರಾದರೂ ಮನೆಯಲ್ಲಿ ಅಕ್ಕಿ ಉಂಟಾ ಅಂತ ಕೇಳಿದರಾ?

ಕಾದರೆ ನಷ್ಟ ಅವಳಿಗೇ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ, ರಜನೇಶ್–ನೇಹಾ ಪ್ರಕರಣದಲ್ಲಿ ಹೇಳಿದೆ. ಅರ್ಜಿಯೇ ಹಾಕದೆ ಕಳೆದ ತಿಂಗಳಿಗೆ ಯಾರು ಕೊಡುತ್ತಾರೆ? ಹಿರಿಯರು ಕಾಯು ಅಂದಷ್ಟು ತಿಂಗಳು ಆ ಮಕ್ಕಳ ಬಾಯಿಂದಲೇ ಹೋಯಿತು.

"ಕೋರ್ಟು ಮೆಟ್ಟಿಲು ಹತ್ತಿದರೆ ಸಂಸಾರ ಮತ್ತೆ ಒಂದಾಗಲಿಕ್ಕಿಲ್ಲ" ಅಂದರು ಮಾವ. ಜೀವನಾಂಶದ ಅರ್ಜಿ ಅಂದರೆ ವಿಚ್ಛೇದನ ಅಲ್ಲ ಮಾವ. ನಾಳೆ ಅವರಿಬ್ಬರು ಒಂದಾಗುವುದಾದರೆ ಆಗಲಿ, ಮಕ್ಕಳ ಹೊಟ್ಟೆಗೆ ಕೊಟ್ಟದ್ದರಿಂದ ಯಾವ ಸಂಸಾರವೂ ಮುರಿಯುವುದಿಲ್ಲ. ವಕೀಲರ ಖರ್ಚಿನ ಮಾತೂ ಬಂತು. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಮಧ್ಯಂತರ ಜೀವನಾಂಶದ, ಅಂದರೆ ಕೇಸು ಮುಗಿಯುವವರೆಗಿನ ಖರ್ಚಿನ, ಅರ್ಜಿಯನ್ನು ಗಂಡನಿಗೆ ನೋಟಿಸು ತಲುಪಿದ ಮೇಲೆ ಆದಷ್ಟು 60 ದಿನದೊಳಗೆ ಮುಗಿಸಬೇಕೆಂದು ಸಿಆರ್‌ಪಿಸಿಯ ಬದಲು ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲೂ ಉಂಟು.

ನನ್ನ ಅಮ್ಮನೂ ಹೀಗೆಯೇ ಕಾದವಳು. ಇದನ್ನು ಇಲ್ಲಿ ಎಂದೂ ಬರೆದಿರಲಿಲ್ಲ. ಕಿವಿಯ ಬೆಂಡೋಲೆ ಅಡಮಾನಕ್ಕೆ ಹೋಯಿತು, ಬಿಡಿಸಲಿಕ್ಕಾಗಲಿಲ್ಲ. ಆಗಲೂ ಊರವರು ಸಮಯ ಹೋಗಲಿ ಅಂತಲೇ ಹೇಳಿದ್ದರು.

ಸೋಮವಾರ ಅವಳನ್ನು ವಿದ್ಯಾನಗರದ ಕೋರ್ಟಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಮದುವೆಯ ಸರ್ಟಿಫಿಕೇಟು, ಮಕ್ಕಳ ಜನನ ಪತ್ರ, ಆಧಾರ್ ಎಲ್ಲ ತೆಗೆದಿಟ್ಟಾಗಿದೆ. ಬೇಡ ಅನ್ನುವವರು ನನಗೇ ಫೋನು ಮಾಡಿ, ಅವಳಿಗೆ ಮಾಡಬೇಡಿ.