ನೀರಿನ ಹೊತ್ತು, ನೆಂಟರ ಹೊತ್ತು

"ಇಪ್ಪತ್ತೆರಡು ವರ್ಷ ಮುಂಬೈಲಿ ಇದ್ದೂ ಒಂದು ಕಾರು ತಗೊಳ್ಳಲಿಲ್ವಾ ಭಾವ?"

ಕಳೆದ ಡಿಸೆಂಬರಿನಲ್ಲಿ ಕುಮಟೆಗೆ ಹೋದಾಗ ತಂಗಿಯ ಗಂಡ ಕೇಳಿದ ಮಾತಿದು. ನಾನು ಕೇಳಿದ್ದು ಇಷ್ಟೇ: ಅಘನಾಶಿನಿ ಊರಿಗೆ ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ? ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದರಲ್ಲಿ ಒಂಚೂರು ಹೆಮ್ಮೆಯೂ ಇದ್ದಂತೆ ಕಂಡಿತು. "ಹಕ್ಕಿ ನೋಡ್ಲಿಕ್ಕೆ ಬಸ್ಸಲ್ಲಿ ಹೋಗೋದಾ? ನಾಳೆ ಕಾರು ತೆಗೀತೇನೆ, ಎಲ್ಲರೂ ಹೋಗುವ" ಅಂದ ಅವನು. ಮಾತು ಮುಗಿಯಿತು.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನಗೆ ಕಾರಿಲ್ಲ. ಬೇಕು ಅನಿಸಿಯೂ ಇಲ್ಲ. ಹಕ್ಕಿಯ ಹುಚ್ಚು ಹತ್ತಿದ್ದು ಒಂಬತ್ತು ವರ್ಷದ ಹಿಂದೆ, ಅದೂ ಲೋಕಲ್ ಟ್ರೈನಿನಲ್ಲಿ. ಭಾನುವಾರ ಬೆಳಿಗ್ಗೆ ಎದುರು ಸೀಟಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಎಪ್ಪತ್ತು ದಾಟಿರಬೇಕು. ಕಾಟನ್ ಸೀರೆ, ಕ್ಯಾನ್ವಾಸ್ ಶೂ, ಕುತ್ತಿಗೆಯಲ್ಲಿ ಬೈನಾಕ್ಯುಲರ್. ಅದರ ಪಟ್ಟಿ ಹರಿದಿದ್ದಕ್ಕೆ ಹಳೇ ಸೀರೆಯ ಅಂಚನ್ನೇ ಹೊಲಿದುಕೊಂಡಿದ್ದರು. ಎಲ್ಲಿಗೆ ಅಂತ ಕೇಳಿದೆ. "ಶಿವಡೀಲಾ. ಆಜ್ ಭರತೀ ಸಾಡೇಅಕ್ರಾಲಾ" ಅಂದರು. ಮುಂಬೈಯ ಪೂರ್ವ ಕಡಲಂಚಿನ ಶಿವಡಿಗೆ, ಇವತ್ತು ಭರತ, ಅಂದರೆ ನೀರು ಪೂರ್ತಿ ಏರುವುದು, ಹನ್ನೊಂದೂವರೆಗೆ ಅಂತ. ನಾನು ಕಡಲ ಕರೆಯಲ್ಲೇ ಹುಟ್ಟಿದವನು. ಇವತ್ತು ನೀರು ಎಷ್ಟು ಹೊತ್ತಿಗೆ ಏರುತ್ತದೆ ಅಂತ ಯಾರಾದರೂ ಕೇಳಿದರೆ ಬಾಯಿ ಬಿಡುತ್ತಿದ್ದೆ. ಸುಮ್ಮನೆ ಅವರ ಹಿಂದೆ ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿನ ಗಾಡಿ ಹತ್ತಿಬಿಟ್ಟೆ.

ಶಿವಡಿಯಲ್ಲಿ ಪೂರ್ವಕ್ಕೆ ಇಳಿದು, ಗೋಡೌನು ಮತ್ತು ಟ್ಯಾಂಕರುಗಳ ನಡುವೆ ಇಪ್ಪತ್ತು ನಿಮಿಷ ನಡೆದರೆ ಜೆಟ್ಟಿ. ಅಲ್ಲಿ ಕೆಸರಿನ ಬಯಲು. ಬಯಲಿನ ತುದಿಯಲ್ಲಿ ಯಾರೋ ಗುಲಾಬಿ ರಂಗು ಚೆಲ್ಲಿದ ಹಾಗೆ ರಾಜಹಂಸಗಳು, ಅಂದರೆ ಫ್ಲೆಮಿಂಗೊ. ಕೊಕ್ಕು ಕಪ್ಪಗಿದ್ದರೆ ಚಿಕ್ಕ ಜಾತಿ, ಗುಲಾಬಿ ಕೊಕ್ಕಿಗೆ ತುದಿ ಮಾತ್ರ ಕಪ್ಪಾದರೆ ದೊಡ್ಡ ಜಾತಿ ಅಂತ ಅಜ್ಜಿ ತೋರಿಸಿದರು. ಆಮೇಲೆ ಡಬ್ಬಿ ತೆಗೆದು ಥಾಲಿಪೀಠ ತಿನ್ನುತ್ತಾ ಕೂತರು. ಹಕ್ಕಿಯ ಕಡೆ ನೋಡಲೂ ಇಲ್ಲ. "ಅವೇ ಬರ್ತವೆ, ಇರು" ಅಂದರು ಮರಾಠಿಯಲ್ಲಿ.

ಬಂದವು. ನೀರು ಏರಿದಷ್ಟೂ ಕೆಸರು ಕಿರಿದಾಗುತ್ತದೆ. ಅವು ಹೆಜ್ಜೆ ಹೆಜ್ಜೆಯಾಗಿ ದಡದ ಕಡೆ ಸರಿಯುತ್ತವೆ. ಪೂರ್ತಿ ಇಳಿತ ಇದ್ದಾಗ ಹೋದರೆ ದೂರದಲ್ಲಿ ಚುಕ್ಕಿ. ಪೂರ್ತಿ ಭರತ ಇದ್ದಾಗ ಹೋದರೆ ಬರೀ ನೀರು. ನಡುವಿನ ಎರಡು ಗಂಟೆ ಮಾತ್ರ ನಮ್ಮದು.

ಹಾಗಾಗಿ ಇಲ್ಲಿ ಚಳಿಗಾಲದ ತಯಾರಿ ಅಂದರೆ ಗಾಡಿ ಹುಡುಕುವುದಲ್ಲ, ಪಂಚಾಂಗ ನೋಡುವುದು. ತಿಥಿಯನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸು, ಭರತದ ಹೊತ್ತು ಬರುತ್ತದೆ. ಇದೂ ಅಜ್ಜಿ ಹೇಳಿದ್ದೇ. ಅಷ್ಟಮಿಗೆ ಆರು ಗಂಟೆ. ಹುಣ್ಣಿಮೆಗೆ ಹನ್ನೊಂದೂಕಾಲು. ಅರ್ಧ ಮುಕ್ಕಾಲು ಗಂಟೆ ಆಚೀಚೆ ಆಗುತ್ತದೆ, ಬೇಕಾದರೆ ಮೊಬೈಲಿನಲ್ಲಿ ತಾಳೆ ನೋಡಿಕೊಳ್ಳಬಹುದು. ಅಂದರೆ ಹುಣ್ಣಿಮೆ, ಅಮಾವಾಸ್ಯೆ ಹತ್ತಿರದ ಭಾನುವಾರ ಶಿವಡಿಗೆ ಸರಿ. ಎಂಟೂವರೆಗೆ ಜೆಟ್ಟಿ ಮೇಲಿದ್ದರೆ ಹತ್ತರವರೆಗೆ ಕಣ್ತುಂಬ. ಹನ್ನೊಂದರ ಸುಮಾರಿಗೆ, ಹಳಿ ರಿಪೇರಿಗೆ ಗಾಡಿ ನಿಲ್ಲಿಸುವ ರೈಲ್ವೆಯ ಮೆಗಾಬ್ಲಾಕ್ ಶುರುವಾಗುವ ಮುಂಚೆ ವಾಪಸ್ ಗಾಡಿಯಲ್ಲಿ ಕೂತಿರಬೇಕು. ಚಂದ್ರನ ಲೆಕ್ಕ ಒಂದು ಕಡೆ, ರೈಲ್ವೆಯ ಲೆಕ್ಕ ಇನ್ನೊಂದು ಕಡೆ. ಎರಡೂ ಕೂಡಿ ಬರುವ ಭಾನುವಾರಗಳನ್ನು ನವೆಂಬರಿನಲ್ಲೇ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಡುತ್ತೇನೆ. ಹೆಂಡತಿ ಅದನ್ನು ಏಕಾದಶಿ ಪಟ್ಟಿ ಅನ್ನುತ್ತಾಳೆ.

ಐರೋಲಿಯಲ್ಲಿ ಅರಣ್ಯ ಇಲಾಖೆಯ ಬೋಟೂ ಇದೆ, ಠಾಣೆ ಖಾರಿ ಅನ್ನುವ ಕಡಲ ಹಿನ್ನೀರಿನ ಒಳಗೆ ಕರೆದುಕೊಂಡು ಹೋಗುತ್ತದೆ. ಅದು ಹೊರಡುವುದೂ ನೀರು ನೋಡಿಯೇ. ನೆರೂಳಿನ ಕೆರೆಗಳಿಗೆ ಸೀವುಡ್ಸ್ ಸ್ಟೇಷನ್ ಸಾಕು. ಎಲ್ಲಿಗೆ ಹೋದರೂ, ಹೇಗೆ ಬಂದೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳುವುದು ಏನು ಕಂಡಿತು ಅಂತ.

ಈಗ ಕುಮಟೆಯ ಕಾರಿನ ಕತೆ. ಏಳಕ್ಕೆ ಹೊರಡುವುದು ಅಂತಾಗಿತ್ತು. ಏಳಕ್ಕೆ ತೆಳ್ಳೇವು ದೋಸೆ. ಎಂಟಕ್ಕೆ ಕಷಾಯ. ಅಷ್ಟರಲ್ಲಿ ದೊಡ್ಡಮ್ಮ ತಾನೂ ಬರುತ್ತೇನೆ ಅಂದರು, ಹೋಗುವ ದಾರಿಯಲ್ಲಿ ಒಂದು ದೇವಸ್ಥಾನ, ಬೇಡ ಅನ್ನಲಾದೀತೇ? ಅಲ್ಲಿ ಒಬ್ಬರು ಪರಿಚಯದವರು ಸಿಕ್ಕರು, ಅವರ ಮನೆಗೆ ಹೋಗದೆ ಬಂದರೆ ಬೇಜಾರು. ಅಘನಾಶಿನಿ ಹೊಳೆಯ ದಡ ಮುಟ್ಟಿದಾಗ ಹನ್ನೆರಡೂವರೆ. ಹುಣ್ಣಿಮೆ ಕಳೆದು ಎರಡು ದಿನ, ಬಿದಿಗೆ. ಲೆಕ್ಕ ನೀವೇ ಹಾಕಿ. ಕೆಸರಿನ ಬಯಲು ಅಂತ ನಾನು ವರ್ಣಿಸಿದ್ದ ಜಾಗದಲ್ಲಿ ದಡದಿಂದ ದಡಕ್ಕೆ ನೀರು ಪಳಪಳ. ಹಕ್ಕಿ ಅಂತ ಕಂಡದ್ದು ದೋಣಿಯ ಮೇಲೆ ಕೂತ ಒಂದು ಬೆಳ್ಳಕ್ಕಿ. "ಇದಕ್ಕಾ ಇಷ್ಟು ದೂರ ಬಂದದ್ದು? ಇದು ನಮ್ಮ ಗದ್ದೆಲೇ ಇತ್ತಲ್ಲ" ಅಂದ ತಂಗಿಯ ಗಂಡ. ಉಳಿದವರು ಫೋಟೋ ತೆಗೆಸಿಕೊಂಡ ಮೇಲೆ ಊಟದ ಹೊತ್ತಿಗೆ ಮನೆಗೆ ಬಂದೆವು.

ಊರಲ್ಲಿ ಕಾರು ಅಂದರೆ ನೆಂಟರ ಹೊತ್ತಿಗೆ ಹೊರಡುವ ಗಾಡಿ. ನೀರು ಯಾರ ಕಷಾಯಕ್ಕೂ ಕಾಯುವುದಿಲ್ಲ. ಕಾರಿದ್ದರೆ ಯಾವಾಗ ಬೇಕಾದರೂ ಹೋಗಬಹುದು ಅನ್ನುತ್ತಾರೆ. ಅದಕ್ಕೇ ಯಾವಾಗ ಹೋಗಬೇಕೋ ಆವಾಗ ಹೋಗುವುದೇ ಇಲ್ಲ. ನನ್ನ ಸಿಟ್ಟು ಇದೇ.

ಇಲ್ಲಿಯವರೆಗೆ ಬರೆದದ್ದನ್ನು ಹೆಂಡತಿ ಓದಿ, "ಶಿವಡಿಯ ನಾತ ಬರೆಯಲಿಲ್ವಾ?" ಅಂದಳು. ಬರೆಯಬೇಕು. ಮೂಗು ಮುಚ್ಚಿಕೊಂಡೇ ನಿಲ್ಲಬೇಕು. ಅಜ್ಜಿ ಕರೆದುಕೊಂಡು ಹೋದ ಕಾಲದಲ್ಲಿ ತೆರೆದ ಆಕಾಶ ಇತ್ತು. ಈಗ 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ಅಲ್ಲಿಂದಲೇ ಎದ್ದು ಹೋಗುತ್ತದೆ, ಸುಮಾರು 22 ಕಿಲೋಮೀಟರು. ಬೈಕಿಗೂ ರಿಕ್ಷಾಕ್ಕೂ ಅದರ ಮೇಲೆ ಪ್ರವೇಶ ಇಲ್ಲ. ಅಂದರೆ ಹೆಚ್ಚಾಗಿ ಕಾರಿನವರಿಗೆ ಅಂತ ಕಟ್ಟಿದ ಸೇತುವೆಯ ಬುಡದಲ್ಲಿ ನಿಂತು ನಾನು ಕಾರು ಬೇಡ ಅನ್ನುತ್ತಿದ್ದೇನೆ. ಅದೇ ವರ್ಷ ಮೇನಲ್ಲಿ ಘಾಟ್‌ಕೋಪರ್ ಹತ್ತಿರ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಜಾಸ್ತಿ ರಾಜಹಂಸ ಸತ್ತವು. ನಮ್ಮ ಅಘನಾಶಿನಿಗೆ ಇಂಥ ಯಾವ ಗತಿಯೂ ಬಂದಿಲ್ಲ. ಶಿರಸಿ ಕಡೆಯಿಂದ ಕಡಲಿನವರೆಗೆ ಒಂದು ಅಣೆಕಟ್ಟೂ ಇಲ್ಲದ ಹೊಳೆ. ಠಾಣೆ ಖಾರಿಗೆ 2022ರಲ್ಲಿ ಸಿಕ್ಕ ರಾಮ್ಸಾರ್ ಪಟ್ಟ, ಅಂದರೆ ಜೌಗು ಪ್ರದೇಶಗಳಿಗೆ ಸಿಗುವ ಅಂತರರಾಷ್ಟ್ರೀಯ ಮನ್ನಣೆ, ಇದಕ್ಕೂ ಸಿಕ್ಕಿದೆ ಅಂತ 2024ರಲ್ಲಿ ಘೋಷಣೆಯಾಗಿದೆ. ನಾತವಂತೂ ಇಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಮಧ್ಯಾಹ್ನ ಉಳಿದವರು ಫೋಟೋದಲ್ಲಿದ್ದಾಗ ನಾನು ಬಸ್ ಸ್ಟಾಪಿನ ಕಡೆ ಹೋಗಿದ್ದೆ. ಅಲ್ಲಿ ಒಬ್ಬ ಹೆಂಗಸು ಬುಟ್ಟಿ ತುಂಬ ಬಳಚು, ಅಂದರೆ ಕೆಸರಿನ ಚಿಪ್ಪುಮೀನು, ಇಟ್ಟುಕೊಂಡು ಕೂತಿದ್ದಳು. ಬುಟ್ಟಿಯ ತಳದಿಂದ ಇನ್ನೂ ಕೆಸರು ನೀರು ತೊಟ್ಟಿಕ್ಕುತ್ತಿತ್ತು. ನನ್ನ ಬೈನಾಕ್ಯುಲರ್ ನೋಡಿ ನಕ್ಕಳು. "ಹಕ್ಕಿಗಾ? ಬೆಳಿಗ್ಗೆ ಏಳಕ್ಕೆ ಬರ್ಬೇಕಿತ್ತು. ನೀರು ಇಳ್ದಿತ್ತು. ಉದ್ದ ಕೊಕ್ಕಿಂದು, ಗಿಡ್ಡ ಕಾಲಿಂದು, ಎಲ್ಲಾ ನಮ್ಮ ಪಕ್ಕದಲ್ಲೇ ಹೆಕ್ತಿದ್ದವು." ಏಳಕ್ಕೆ ಇಲ್ಲಿಗೆ ಬರುವುದು ಹೇಗೆ ಅಂತ ಕೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಸ್ಸಿಲ್ವಾ?"

ಅಂದರೆ ತಿಥಿಯೂ ಊರಲ್ಲಿತ್ತು, ಬಸ್ಸೂ ಇತ್ತು. ಗೊತ್ತಿಲ್ಲದ್ದು ನಮ್ಮ ಮನೆಯವರಿಗೆ. ನನಗೂ.

ಮೊನ್ನೆ ತಂಗಿಗೆ ಫೋನು ಮಾಡಿ, ಬರುವ ಜನವರಿಯ ಹುಣ್ಣಿಮೆ ಆದಮೇಲೆ ಬರುತ್ತೇನೆ, ಬಸ್ಸಿನ ಸಮಯ ಕೇಳಿಡು ಅಂದೆ. ಎರಡು ದಿನ ಬಿಟ್ಟು ಮೆಸೇಜು ಬಂತು. "ಸ್ಟ್ಯಾಂಡಿಗೆ ಹೋಗಿ ಕೇಳಿದೆ ಅಣ್ಣ. ಬಸ್ಸಿದೆ. ನಾನೂ ಬರ್ತೇನೆ. ಇವರಿಗೆ ಹೇಳಬೇಡ, ಕಾರು ತೆಗೀತಾರೆ."