ಸ್ಪಷ್ಟನೆ: ಟ್ರಯಾಂಗಲ್ ಅಫೆನ್ಸ್ ಫಿಲ್ ಜಾಕ್ಸನ್ ರೂಪಿಸಿದ್ದಲ್ಲ

ಟ್ರಯಾಂಗಲ್ ಅಫೆನ್ಸ್ ಎಂದರೆ ಮೂವರು ಆಟಗಾರರು ತ್ರಿಕೋನವಾಗಿ ನಿಂತು ಆಡುವ ಬಾಸ್ಕೆಟ್‌ಬಾಲ್ ದಾಳಿಯ ಪದ್ಧತಿ. 'ಟ್ರಯಾಂಗಲ್ ಅಫೆನ್ಸನ್ನು ಫಿಲ್ ಜಾಕ್ಸನ್ ಅವರೇ ಮೈಕಲ್ ಜೋರ್ಡಾನ್‌ಗಾಗಿ ರೂಪಿಸಿದರು, ಪಾಸ್‌ಗಳ ಕ್ರಮ ಮೊದಲೇ ನಿಗದಿ' ಎಂಬ ಬರಹವಿರುವ ಒಂದು ಚಿತ್ರ ಬಾಸ್ಕೆಟ್‌ಬಾಲ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಕಳೆದ ವಾರ ನಾನೂ ನೋಡದೆ ಹಂಚಿದ್ದೆ, ಕ್ಷಮಿಸಿ. ಎರಡು ಮಾತೂ ತಪ್ಪು.

ಇದರ ಬೇರು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೋಚ್ ಸ್ಯಾಮ್ ಬ್ಯಾರಿ ಅವರಲ್ಲಿದೆ. ಅವರ ಕೈಕೆಳಗೆ ಆಡಿದ ಟೆಕ್ಸ್ ವಿಂಟರ್ ಅದನ್ನು ಬೆಳೆಸಿದರು, 1962ರಲ್ಲೇ ಪುಸ್ತಕವನ್ನೂ ಬರೆದರು. ವಿಂಟರ್ 1985ರಲ್ಲಿ ಜೋರ್ಡಾನ್ ಆಡುತ್ತಿದ್ದ ಶಿಕಾಗೊ ಬುಲ್ಸ್ ತಂಡಕ್ಕೆ ಸಹಾಯಕ ಕೋಚ್ ಆಗಿ ಬಂದರು. ಜಾಕ್ಸನ್ ಆ ತಂಡದ ಮುಖ್ಯ ಕೋಚ್ ಆದದ್ದು 1989ರಲ್ಲಿ. ಈ ಪದ್ಧತಿಯನ್ನು ನಂಬಿ ಇಡೀ ತಂಡದ ಆಟವಾಗಿಸಿದ ಶ್ರೇಯ ಜಾಕ್ಸನ್ ಅವರದೇ.

ಪಾಸ್‌ಗಳ ಕ್ರಮ ಮೊದಲೇ ನಿಗದಿ ಎಂಬ ಎರಡನೆಯ ತಪ್ಪು ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಆ ಚಿತ್ರ ನೋಡಿ ಮಕ್ಕಳಿಗೆ ಕಲಿಸುವವರಿದ್ದಾರೆ. ಅಂಕಣದ ಒಂದು ಬದಿಯಲ್ಲಿ ಪೋಸ್ಟ್ (ಬುಟ್ಟಿಯ ಹತ್ತಿರದ ಜಾಗ), ವಿಂಗ್ (ಪಕ್ಕದ ಜಾಗ), ಕಾರ್ನರ್ (ಅಂಕಣದ ಮೂಲೆ) ಸೇರಿ ತ್ರಿಕೋನ. ಉಳಿದ ಇಬ್ಬರು, ಬುಟ್ಟಿಯಿಂದ ದೂರ ಮೇಲೆ ನಿಲ್ಲುವ ಗಾರ್ಡ್ ಮತ್ತು ಒಬ್ಬ ಫಾರ್ವರ್ಡ್, ಇನ್ನೊಂದು ಬದಿಗೆ. ಆಟಗಾರರ ನಡುವೆ ಸುಮಾರು 15ರಿಂದ 18 ಅಡಿ ಅಂತರ. ವಿಂಗ್‌ನವನು ಮೊದಲು ಪೋಸ್ಟ್ ಕಡೆ ನೋಡುತ್ತಾನೆ. ಅಲ್ಲಿ ಡಿಫೆಂಡರ್ (ತಡೆಯುವ ಎದುರಾಳಿ) ಅಡ್ಡ ನಿಂತಿದ್ದರೆ ಚೆಂಡು ಮೇಲಿನ ಗಾರ್ಡ್‌ಗೆ. ಅದನ್ನೂ ತಡೆದರೆ ಆಚೆ ಬದಿಯ ಫಾರ್ವರ್ಡ್ ಎಲ್ಬೋಗೆ (ಫ್ರೀ ಥ್ರೋ ಗೆರೆಯ ತುದಿಗೆ) ಮುನ್ನುಗ್ಗಿ ಪಾಸ್ ಪಡೆಯುತ್ತಾನೆ, ಅದೇ ಗಳಿಗೆಯಲ್ಲಿ ಗಾರ್ಡ್ ತನ್ನ ಡಿಫೆಂಡರ್‌ನ ಬೆನ್ನ ಹಿಂದಿನಿಂದ ಬುಟ್ಟಿಯತ್ತ ಓಡುತ್ತಾನೆ. ಯಾವ ಪಾಸ್ ಎಂಬುದು ಎದುರಾಳಿ ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ನಿರ್ಧಾರವಾಗುತ್ತದೆ.

ದಯವಿಟ್ಟು ಆ ಚಿತ್ರವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲಿಗೇ ಈ ಸ್ಪಷ್ಟನೆಯನ್ನೂ ಹಾಕಿ.