ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮನ ಕೈಚೀಲದಲ್ಲಿ ಇರಲೇಬೇಕಾದ ಒಂದು ಹಾಳೆ

ಅಪ್ಪ ಅಮ್ಮ ಆರು ತಿಂಗಳಿಗೆಂದು ಅಮೆರಿಕಕ್ಕೆ ಹೊರಟಾಗ ನಮ್ಮ ಮನೆಗಳಲ್ಲಿ ನಡೆಯುವ ತಯಾರಿ ಎಲ್ಲರಿಗೂ ಗೊತ್ತು. ಸಾರಿನಪುಡಿ, ಚಟ್ನಿಪುಡಿ, ಮೊಮ್ಮಗುವಿಗೆ ಬೆಳ್ಳಿ ಲೋಟ. ಸೂಟ್‌ಕೇಸ್ 23 ಕೆ.ಜಿ. ದಾಟಿತೇ ಎಂದು ಮೂರು ಸಲ ತೂಗಿ ನೋಡುತ್ತೇವೆ. ಆದರೆ ಎಪ್ಪತ್ತು ದಾಟಿದ, ಬಿ.ಪಿ., ಶುಗರ್ ಎರಡೂ ಇರುವ ಅಪ್ಪ ಒಂದು ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಎದೆ ಹಿಡಿದುಕೊಂಡು ಕೂತರೆ ಏನು ಮಾಡಬೇಕು? ಹೊರಡುವ ಹೊತ್ತಿನಲ್ಲಿ ಇಂಥ ಮಾತು ಯಾಕೆ ಎಂದು ಯಾರೂ ಬಾಯಿ ಬಿಡುವುದಿಲ್ಲ. ಆ ಹನ್ನೊಂದು ಗಂಟೆಗೆ ಮಗ, ಸೊಸೆ ಇಬ್ಬರೂ ಆಫೀಸಿನಲ್ಲಿ, ಮಗು ಡೇಕೇರ್‌ನಲ್ಲಿ. ಮನೆಯಲ್ಲಿರುವುದು ಅಪ್ಪ ಮತ್ತು ಅಮ್ಮ ಮಾತ್ರ.

ಅಮ್ಮ ಮೊದಲು ಜೀರಿಗೆ ಕಷಾಯ ಕೊಡುತ್ತಾರೆ, "ಗ್ಯಾಸ್ಟ್ರಿಕ್ ಇರಬೇಕು" ಅಂತ. ಆಮೇಲೆ ಮಗನಿಗೆ ವಾಟ್ಸಾಪ್ ಕರೆ. ಅವನು ಮೀಟಿಂಗ್‌ನಲ್ಲಿ ಇದ್ದರೆ ಬೆಂಗಳೂರಿನ ಮಗಳಿಗೆ. ಅಪ್ಪನದು ಒಂದೇ ಮಾತು: "ಆಂಬುಲೆನ್ಸ್ ಗೀಂಬುಲೆನ್ಸ್ ಬೇಡ, ಇಲ್ಲಿ ಲಕ್ಷಗಟ್ಟಲೆ ಬಿಲ್ ಮಾಡ್ತಾರೆ." ಹೀಗೆ ಒಂದೂವರೆ ಗಂಟೆ ಕಳೆದುಹೋಗುತ್ತದೆ. ಅಮೆರಿಕದ ಆಸ್ಪತ್ರೆ ದುಬಾರಿ ಎನ್ನುವುದು ನಿಜ. ಆದರೆ ನಮ್ಮ ಹಿರಿಯರಿಗೆ ಅಲ್ಲಿ ಹೆಚ್ಚು ಅಪಾಯ ತರುವುದು ಬಿಲ್ಲಿಗೆ ಹೆದರಿ ಮಾಡುವ ಈ ತಡ. ಅದಕ್ಕೇ ಹೇಳುತ್ತಿದ್ದೇನೆ, ಮಗನಿಗೆ ಕರೆ ಆಮೇಲೆ, ಮೊದಲು ಅಮೆರಿಕದ ತುರ್ತು ನೆರವಿನ ನಂಬರಾದ 911.

ಇದಕ್ಕೆ ಕಾರಣವಿದೆ. 911 ಕರೆ ಹೋಗುವುದು ಕರೆ ಮಾಡಿದವರು ಇರುವ ಜಾಗದ ಕೇಂದ್ರಕ್ಕೆ. ಮಗನ ಆಫೀಸು ಬೇರೆ ಕೌಂಟಿಯಲ್ಲಿದ್ದರೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಅವನ ಕರೆ ಆ ಕೌಂಟಿಯ ಕೇಂದ್ರಕ್ಕೆ ಹೋಗಿ, ಅಲ್ಲಿಂದ ವರ್ಗಾವಣೆಯಾಗಬೇಕು. ಬೆಂಗಳೂರಿನಿಂದಂತೂ ಅಮೆರಿಕದ 911ಕ್ಕೆ ಕರೆ ಹೋಗುವುದೇ ಇಲ್ಲ. ಹಾಗಾಗಿ ಅಪ್ಪ ಅಮ್ಮ ಇರುವ ಊರಿನ ಪೊಲೀಸ್ ಡಿಸ್ಪ್ಯಾಚ್ (ನೆರವು ಕಳಿಸುವ) ಕೇಂದ್ರದ ಹತ್ತಂಕಿಯ ನಂಬರನ್ನು ಮಕ್ಕಳೆಲ್ಲರೂ ಫೋನಿನಲ್ಲಿ ಇಟ್ಟುಕೊಂಡಿರಬೇಕು. ವಾಟ್ಸಾಪ್‌ನಿಂದ 911ಕ್ಕೆ ಕರೆ ಮಾಡಲು ಆಗುವುದಿಲ್ಲ, ಫೋನಿನ ಮಾಮೂಲಿ ಡಯಲರ್‌ನಿಂದಲೇ ಒತ್ತಬೇಕು. ಸಿಮ್ ಇಲ್ಲದ ಫೋನಿನಿಂದಲೂ 911 ಹೋಗುತ್ತದೆ, ಆದರೆ ಕರೆ ಕಡಿದರೆ ಅವರು ತಿರುಗಿ ಮಾಡಲು ಆಗುವುದಿಲ್ಲ. ಆದ್ದರಿಂದ ಇಳಿದ ಮೊದಲ ವಾರದಲ್ಲೇ ಇಬ್ಬರಿಗೂ ಒಂದೊಂದು ಲೋಕಲ್ ಸಿಮ್ ಹಾಕಿಸಿ. ಒಬ್ಬರಿಗೆ ಹಾಕಿಸಿದರೆ ಸಾಲದು, ಆ ಫೋನು ವಾಕಿಂಗ್ ಹೋದವರ ಜೇಬಿನಲ್ಲಿರುತ್ತದೆ.

ಕರೆ ಎತ್ತಿದವರು ಮೊದಲು ಕೇಳುವುದು ವಿಳಾಸ. ನಮ್ಮಲ್ಲಿ ಗಣೇಶನ ಗುಡಿ ದಾಟಿ ಎರಡನೇ ತಿರುವು ಎಂದರೆ ನಡೆಯುತ್ತದೆ. ಅಲ್ಲಿ ಬೇಕಾದ್ದು ಮನೆ ನಂಬರು, ರಸ್ತೆ, ಅಪಾರ್ಟ್‌ಮೆಂಟ್ ನಂಬರು, ಊರು. ಮೊಬೈಲ್ ಕರೆಯಿಂದ ಕಟ್ಟಡ ಎಲ್ಲಿದೆ ಎಂದು ಅಂದಾಜು ಸಿಗಬಹುದು, ಮೂರನೇ ಮಹಡಿಯ ಯಾವ ಬಾಗಿಲು ಎಂದು ಸಿಗುವುದಿಲ್ಲ. ವಿಳಾಸವನ್ನೂ ಗೇಟಿನ ಕೋಡನ್ನೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಇಂಗ್ಲಿಷ್ ಬರದಿದ್ದರೆ ಅಮ್ಮ "ಕನ್ನಡ, ಇಂಡಿಯಾ" ಎಂದಷ್ಟೇ ಹೇಳಿ ಫೋನು ಹಿಡಿದಿರಲಿ. ದುಭಾಷಿಯನ್ನು ಲೈನಿಗೆ ತರುವ ವ್ಯವಸ್ಥೆ ಬಹುತೇಕ ಕೇಂದ್ರಗಳಲ್ಲಿ ಇರುತ್ತದೆ. ಯಾವ ಕಾರಣಕ್ಕೂ ಫೋನ್ ಇಡಬಾರದು. ಬಾಗಿಲ ಚಿಲಕ ತೆಗೆದು, ರೋಗಿಯನ್ನು ನಡೆಸದೆ, ಕೂರಿಸಿಯೇ ಇರಬೇಕು. ಎದೆನೋವೆಂದರೆ ಆಸ್ಪಿರಿನ್ ಜಗಿಸಿ ಎಂದು ಅವರೇ ಹೇಳಬಹುದು, ಅಲ್ಲಿನ 81 ಮಿ.ಗ್ರಾಂ.ನ ಮಾತ್ರೆಯಾದರೆ ನಾಲ್ಕು. ಆದರೆ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಅದು ಲಕ್ವ. ಆಗ ಆಸ್ಪಿರಿನ್ ಕೊಡಲೇಬಾರದು. ಮೆದುಳಿನಲ್ಲಿ ರಕ್ತನಾಳ ಕಟ್ಟಿದೆಯೋ ಒಡೆದಿದೆಯೋ ಎನ್ನುವುದು ಸಿ.ಟಿ. ಸ್ಕ್ಯಾನ್ ಆಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಲಕ್ವದಲ್ಲಿ ಡಾಕ್ಟರು ಮೊದಲು ಕೇಳುವ ಪ್ರಶ್ನೆ: "ಇವರು ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?" ಯಾವಾಗ ನೋಡಿದಿರಿ ಎಂದಲ್ಲ, ಯಾವಾಗ ಸರಿಯಾಗಿದ್ದರು ಎಂದು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಗೋಡೆ ಗಡಿಯಾರ ನೋಡಿ ಹೊತ್ತನ್ನು ಅಂಗೈ ಮೇಲೆ ಬರೆದುಕೊಂಡರೂ ಸರಿ.

ಎರಡನೆಯ ಪ್ರಶ್ನೆ: "ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾರಾ?" ಶೀರ್ಷಿಕೆಯಲ್ಲಿ ಹೇಳಿದ ಹಾಳೆ, ಅಂದರೆ ಔಷಧಗಳ ಪಟ್ಟಿ, ಬೇಕಾಗುವುದು ಇಲ್ಲಿ. ಹೃದಯದ ವಾಲ್ವ್ ಬದಲಿಸಿಕೊಂಡ ಅನೇಕರಿಗೆ ನಮ್ಮಲ್ಲಿ ಕೊಡುವ ಅಸಿಟ್ರಾಮ್ ಅಮೆರಿಕದಲ್ಲಿ ಇಲ್ಲವೇ ಇಲ್ಲ. ಅದರೊಳಗಿನ ಅಸೆನೋಕೌಮರಾಲ್ ಎಂಬ ಔಷಧಕ್ಕೆ ಅಲ್ಲಿ ಅನುಮತಿ ಇಲ್ಲ, ಅಲ್ಲಿ ಬಳಸುವುದು ವಾರ್ಫರಿನ್. ಅಪ್ಪ ಅಸಿಟ್ರಾಮ್ ಎಂದರೆ ಅಲ್ಲಿನ ಡಾಕ್ಟರಿಗೆ ಏನೂ ತಿಳಿಯದಿರಬಹುದು. ಆ ಮಾತ್ರೆ ಒಳಗಿರುವಾಗ ಹೆಪ್ಪು ಕರಗಿಸುವ ಇಂಜೆಕ್ಷನ್ ಬಿದ್ದರೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಹೆಚ್ಚು. ಶುಗರಿಗೆ ಕೊಡುವ ಗ್ಲಿಕ್ಲಾಜೈಡ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್, ಬಿ.ಪಿ.ಗೆ ಕೊಡುವ ಸಿಲ್ನಿಡಿಪಿನ್, ವಾಂತಿಗೆ ಕೊಡುವ ಡಾಂಪೆರಿಡೋನ್ ಇವು ಕೂಡ ಅಲ್ಲಿ ಅನುಮತಿ ಪಡೆದ ಔಷಧಗಳಲ್ಲ. ನಾವು ಪ್ಯಾರಾಸಿಟಮಾಲ್ ಎನ್ನುವುದನ್ನು ಅವರು ಅಸಿಟಮಿನೋಫೆನ್ ಎನ್ನುತ್ತಾರೆ. ಡೋಲೋ 650 ನುಂಗಿದ ಮೇಲೆ ಅಂಗಡಿಯ ಟೈಲೆನಾಲ್ ನುಂಗಿದರೆ ಒಂದೇ ಔಷಧ ಎರಡು ಸಲ ಹೊಟ್ಟೆಗೆ ಹೋಯಿತು ಎಂದರ್ಥ.

ಹಾಗಾಗಿ ಹಾಳೆಯಲ್ಲಿ ಕಂಪನಿ ಹೆಸರಿನ ಪಕ್ಕ ಔಷಧದ ಮೂಲ ಹೆಸರು, ಎಷ್ಟು ಮಿ.ಗ್ರಾಂ., ದಿನಕ್ಕೆ ಎಷ್ಟು ಸಲ, ಯಾವ ಕಾಯಿಲೆಗೆ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ. ಮೂಲ ಹೆಸರು ಮಾತ್ರೆ ಸ್ಟ್ರಿಪ್ಪಿನ ಮೇಲೆಯೇ ಇರುತ್ತದೆ. ಕೆಳಗೆ ಅಲರ್ಜಿ, ಹಿಂದೆ ಆದ ಆಪರೇಷನ್, ಸ್ಟೆಂಟ್ ಹಾಕಿದ ವರ್ಷ, ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ). ಹೊರಡುವ ಮುಂಚೆ ಒಂದು ಇ.ಸಿ.ಜಿ. ತೆಗೆಸಿ ಅದರ ಸ್ಪಷ್ಟ ಫೋಟೊ ಫೋನಿನಲ್ಲಿ ಇಡಿ. ಹಳೆಯ ಇ.ಸಿ.ಜಿ. ಎದುರಿಗಿದ್ದರೆ ಈಗ ಕಾಣುತ್ತಿರುವ ಏರುಪೇರು ಹೊಸದೋ ಹತ್ತು ವರ್ಷದ್ದೋ ಎಂದು ಡಾಕ್ಟರು ಒಂದು ನಿಮಿಷದಲ್ಲಿ ಹೇಳಬಲ್ಲರು.

ಇನ್ಸುಲಿನ್ ವಿಷಯ ಮಾತ್ರ ದಯವಿಟ್ಟು ಎರಡು ಸಲ ಓದಿ. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್. ಅಮೆರಿಕದ ಬಾಟಲಿಯಲ್ಲಿ ಒಂದು ಮಿ.ಲೀ.ಗೆ 100 ಯೂನಿಟ್, ಸಿರಿಂಜೂ 100ರದ್ದು, ಮುಚ್ಚಳ ಕಿತ್ತಳೆ. ಊರಿನ ಬಾಟಲಿ ಖಾಲಿಯಾಯಿತೆಂದು ಅಲ್ಲಿನ ಬಾಟಲಿ ತಂದು, ಊರಿನ ಸಿರಿಂಜಿನಲ್ಲೇ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು! ಶುಗರ್ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ತಿರುಗಾಮುರುಗಾ ಮಾಡಿದರೆ, ಅಂದರೆ ಊರಿನ ಬಾಟಲಿಯಿಂದ ಅಲ್ಲಿನ ಸಿರಿಂಜಿನಲ್ಲಿ 20 ಎಳೆದರೆ, ಹೋಗುವುದು ಬರೀ 8 ಯೂನಿಟ್, ಶುಗರ್ ಏರುತ್ತಲೇ ಇರುತ್ತದೆ. ಬಾಟಲಿ ಬದಲಾದ ದಿನವೇ ಹಳೆಯ ಸಿರಿಂಜುಗಳನ್ನೂ ಬಿಸಾಡಿ. ಸಾಧ್ಯವಾದರೆ ಹೊರಡುವ ಎರಡು ತಿಂಗಳ ಮೊದಲೇ ಡಾಕ್ಟರನ್ನು ಕೇಳಿ ಇನ್ಸುಲಿನ್ ಪೆನ್ನಿಗೆ ಬದಲಾಯಿಸಿಕೊಳ್ಳಿ. ನಮ್ಮಲ್ಲಿ ಮಾಮೂಲಾಗಿ ಸಿಗುವ ಪೆನ್ನು, ಕಾರ್ಟ್ರಿಜ್‌ಗಳೂ 100ರವೇ, ಆ ಗೊಂದಲ ಇರುವುದಿಲ್ಲ. ಇನ್ಸುಲಿನ್ ಯಾವತ್ತೂ ಕೈಚೀಲದಲ್ಲೇ ಇರಲಿ, ಚೆಕ್‌ಇನ್ ಮಾಡಿದ ಲಗೇಜಿನಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು. ಶುಗರ್ 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು.

ಔಷಧ ಎಷ್ಟು ಒಯ್ಯಬಹುದು? ಅಲ್ಲಿನ ಔಷಧ ಇಲಾಖೆ ಸ್ವಂತ ಬಳಕೆಗೆಂದು ಸಾಮಾನ್ಯವಾಗಿ ಒಪ್ಪುವುದು 90 ದಿನದ್ದು, ಮೂಲ ಪೊಟ್ಟಣದಲ್ಲೇ, ಡಾಕ್ಟರ ಚೀಟಿಯ ಜೊತೆ. ಆರು ತಿಂಗಳು ಇರುವವರು ಉಳಿದ ಮೂರು ತಿಂಗಳಿಗೆ ಕೊರಿಯರ್ ನಂಬಿ ಕೂರಬೇಡಿ. ಎರಡನೇ ತಿಂಗಳಲ್ಲೇ ಅಲ್ಲಿನ ಡಾಕ್ಟರೊಬ್ಬರನ್ನು ಕಂಡು ಚೀಟಿ ಬರೆಸಿಕೊಳ್ಳಿ. ಮೆಟ್‌ಫಾರ್ಮಿನ್‌ನಂಥ ಮಾತ್ರೆ ಅಲ್ಲಿ ಅಗ್ಗ.

ಇನ್ನು ಪ್ರವಾಸಿಗರ ಆರೋಗ್ಯ ವಿಮೆ. ಇದರಲ್ಲಿ ಎರಡು ಜಾತಿ. ಒಂದು, ಪ್ರತಿ ಖರ್ಚಿಗೂ ಇಷ್ಟೇ ಎಂದು ಮೊತ್ತ ಕಟ್ಟಿದ್ದು. ಆಸ್ಪತ್ರೆಯ ಒಂದು ದಿನಕ್ಕೆ ಇಂತಿಷ್ಟು ಡಾಲರ್ ಕೊಟ್ಟು ಕೈ ತೊಳೆದುಕೊಳ್ಳುತ್ತದೆ, ಮಿಕ್ಕದ್ದು ನಿಮ್ಮ ತಲೆ ಮೇಲೆ. ಇನ್ನೊಂದು ಕಾಂಪ್ರೆಹೆನ್ಸಿವ್, ಮೊದಲ ಒಂದಿಷ್ಟು ನೀವು ಕಟ್ಟಿದ ಮೇಲೆ ಬಿಲ್ಲಿನ ಬಹುಪಾಲು ಅದು ಕೊಡುತ್ತದೆ. ಪ್ರೀಮಿಯಂ ಕಡಿಮೆ ಎಂದು ಅರವತ್ತೈದು ದಾಟಿದವರಿಗೆ ಮೊದಲನೆಯದನ್ನು ಕೊಳ್ಳುವುದು ದುಡ್ಡು ಉಳಿಸುವ ದಾರಿಯಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮೊದಲೇ ಇರುವ ಬಿ.ಪಿ., ಶುಗರ್, ಹೃದಯದ ತೊಂದರೆಗೆ ಎಷ್ಟೋ ಪಾಲಿಸಿಗಳು ಹಣ ಕೊಡುವುದು ಅದು ಹಠಾತ್ತಾಗಿ ಉಲ್ಬಣಿಸಿದಾಗ ಮಾತ್ರ. ಅದಕ್ಕೂ ಒಂದು ಷರತ್ತು ಇರುತ್ತದೆ: ಲಕ್ಷಣ ಕಂಡ 24 ಗಂಟೆಯೊಳಗೆ ಚಿಕಿತ್ಸೆಗೆ ಹೋಗಿರಬೇಕು. "ನಾಡಿದ್ದು ಶನಿವಾರ, ಮಗನಿಗೆ ರಜ, ಆಗ ತೋರಿಸಿದರಾಯಿತು" ಎಂದು ಗುರುವಾರದ ಎದೆನೋವನ್ನು ನುಂಗಿಕೊಂಡವರಿಗೆ ಆ ವಿಮೆ ಕೈಕೊಡುವುದು ಹೀಗೆ. ಡಾಕ್ಟರ ಮುಂದೆ "ಎರಡು ವಾರದಿಂದ ಸ್ವಲ್ಪ ಸ್ವಲ್ಪ ಇತ್ತು" ಎಂದರೆ ಅದೂ ದಾಖಲೆಗೆ ಹೋಗುತ್ತದೆ. ಹಾಗೆಂದು ಸುಳ್ಳು ಹೇಳಬೇಡಿ, ಚಿಕಿತ್ಸೆಯೇ ದಾರಿ ತಪ್ಪುತ್ತದೆ. ಮೊದಲ ದಿನವೇ ತೋರಿಸಿ. ಆಸ್ಪತ್ರೆಗೆ ಸೇರಿದರೆ ಕಾರ್ಡಿನ ಹಿಂದಿನ ನಂಬರಿಗೆ 24ರಿಂದ 48 ಗಂಟೆಯೊಳಗೆ ಯಾರಾದರೂ ತಿಳಿಸಬೇಕು, ಇಲ್ಲದಿದ್ದರೆ ಕೆಲವು ಪಾಲಿಸಿಗಳು ಕೊಡುವ ಮೊತ್ತವನ್ನೇ ಕಡಿತ ಮಾಡುತ್ತವೆ.

ಜ್ವರ, ಮೂತ್ರದ ಉರಿ, ಕಾಲು ಉಳುಕಿಗೆ ಅರ್ಜೆಂಟ್ ಕೇರ್ (ಪ್ರಾಣಾಪಾಯವಿಲ್ಲದ ತೊಂದರೆಗಳನ್ನು ನೋಡುವ ಕ್ಲಿನಿಕ್) ಸಾಕು, ಎಮರ್ಜೆನ್ಸಿಗಿಂತ ಎಷ್ಟೋ ಕಡಿಮೆ ಖರ್ಚು. ಎದೆನೋವು, ಲಕ್ವ, ಉಸಿರುಕಟ್ಟುವಿಕೆಗೆ ಅಲ್ಲಿ ಹೋದರೆ ಅವರೂ 911ಕ್ಕೇ ಕರೆ ಮಾಡುತ್ತಾರೆ. ಟೆಕ್ಸಾಸ್‌ನಂಥ ಕಡೆ ಅಂಗಡಿ ಸಾಲಿನಲ್ಲೇ ಅರ್ಜೆಂಟ್ ಕೇರ್‌ನಂತೆ ಕಾಣುವ ಬಿಡಿ ಎಮರ್ಜೆನ್ಸಿ ಕೇಂದ್ರಗಳಿವೆ, ಬಿಲ್ಲು ಮಾತ್ರ ಎಮರ್ಜೆನ್ಸಿಯದ್ದೇ. ಒಳಗೆ ಕಾಲಿಡುವ ಮುಂಚೆ ಬೋರ್ಡ್ ಓದಿ.

ದುಡ್ಡಿಲ್ಲ, ವಿಮೆಯಿಲ್ಲ, ವಿದೇಶಿ ಎಂಬ ಕಾರಣಕ್ಕೆ ಎಮರ್ಜೆನ್ಸಿಯಿಂದ ವಾಪಸ್ ಕಳಿಸುವಂತಿಲ್ಲ. 1986ರ ಎಮ್ಟಾಲಾ ಕಾಯಿದೆ ಪ್ರಕಾರ, ಮೆಡಿಕೇರ್ (ಅಲ್ಲಿನ ಹಿರಿಯರ ಸರ್ಕಾರಿ ವಿಮೆ) ಹಣ ಪಡೆಯುವ ಆಸ್ಪತ್ರೆಯ ಎಮರ್ಜೆನ್ಸಿಗೆ ಬಂದ ಯಾರನ್ನೇ ಆಗಲಿ ಪರೀಕ್ಷಿಸಿ, ಅಪಾಯ ಇದ್ದರೆ ಸ್ಥಿತಿ ಹತೋಟಿಗೆ ತರಲೇಬೇಕು. ಆಸ್ಪತ್ರೆಯಲ್ಲಿ ದುಭಾಷಿಯನ್ನು ಕೇಳುವುದು ನಿಮ್ಮ ಹಕ್ಕು, ಅದಕ್ಕೆ ದುಡ್ಡಿಲ್ಲ. ಫೋನಿನಲ್ಲೋ ವಿಡಿಯೋದಲ್ಲೋ ಕನ್ನಡದವರನ್ನು ಹುಡುಕಿ ಕೊಡಿ ಎಂದು ಕೇಳಿ. ಮಗನಿಗೆ ಇಂಗ್ಲಿಷ್ ಬರುತ್ತದಲ್ಲ ಎನ್ನಬೇಡಿ. ರಕ್ತಸ್ರಾವದ ವಿಷಯ, ಮೂತ್ರದ ವಿಷಯವನ್ನು ಎಷ್ಟೋ ತಾಯಂದಿರು ಮಗನ ಎದುರು, ಅಳಿಯನ ಎದುರು ಹೇಳುವುದೇ ಇಲ್ಲ.

ಮನೆಗೆ ಬಂದ ಮೇಲೆ ಬಿಲ್ಲುಗಳು ಒಂದೊಂದಾಗಿ ಬರುತ್ತವೆ: ಆಸ್ಪತ್ರೆಯದು ಬೇರೆ, ಎಮರ್ಜೆನ್ಸಿ ಡಾಕ್ಟರದು ಬೇರೆ, ಸ್ಕ್ಯಾನ್ ಓದಿದವರದು ಬೇರೆ, ಆಂಬುಲೆನ್ಸಿನದು ಬೇರೆ. ಗಾಬರಿಯಲ್ಲಿ ಕ್ರೆಡಿಟ್ ಕಾರ್ಡಿನಿಂದ ಕಟ್ಟಿಬಿಡಬೇಡಿ. ವಿಮೆಯವರು ಎಷ್ಟು ಕೊಡುತ್ತಾರೆ ಎಂದು ಕಾಗದ ಬರಲಿ. ಅಷ್ಟರಲ್ಲಿ ಪ್ರತಿ ಬಾಬ್ತು ಬಿಡಿಸಿದ ಬಿಲ್ ಕೇಳಿ, ಮಾಡದ ಪರೀಕ್ಷೆ, ಎರಡು ಸಲ ನಮೂದಾದ ಔಷಧ ಸಿಗುವುದುಂಟು. ಲಾಭರಹಿತ ಆಸ್ಪತ್ರೆಗಳು ಕಾನೂನಿನಂತೆ ಆರ್ಥಿಕ ನೆರವಿನ ನೀತಿ ಇಟ್ಟಿರಲೇಬೇಕು, ಡಿಸ್ಚಾರ್ಜ್ ನಂತರದ ಮೊದಲ ಬಿಲ್ಲಿನಿಂದ 240 ದಿನದೊಳಗೆ ಅರ್ಜಿ ಹಾಕಬಹುದು. ಪ್ರವಾಸಿಗರಿಗೆ ಕೊಡುತ್ತಾರೋ ಇಲ್ಲವೋ ಆಯಾ ಆಸ್ಪತ್ರೆಯ ನಿಯಮ. ಕೇಳದೆ ಬಿಡಬೇಡಿ.

ಸ್ಟೆಂಟ್ ಹಾಕಿಸಿಕೊಂಡು ವಾಪಸ್ ಬರುವವರಿಗೆ ಇದೆಲ್ಲ ತಿರುಗುಮುರುಗಾಗಿ ಮತ್ತೆ ಶುರುವಾಗುತ್ತದೆ. ವಿಮಾನ ಕಂಪನಿಯ ವೈದ್ಯಕೀಯ ಫಾರಂ ಅನ್ನು ಡಾಕ್ಟರಿಂದ ತುಂಬಿಸಿ ಹಲವು ದಿನ ಮೊದಲೇ ಕಳಿಸಬೇಕು. ಗೇಟಿನಲ್ಲಿ ಹೇಳಿದರೆ ಹತ್ತಿಸದೇ ಇರಬಹುದು. ಆಂಜಿಯೋಗ್ರಾಂನ ಸಿ.ಡಿ., ಸ್ಟೆಂಟಿನ ಕಾರ್ಡ್, ಡಿಸ್ಚಾರ್ಜ್ ಸಮ್ಮರಿ ಕೇಳಿ ಪಡೆಯಿರಿ. ಅಲ್ಲಿ ಬ್ರಿಲಿಂಟಾ ಎಂದು ಕೊಟ್ಟದ್ದು ಟಿಕಾಗ್ರೆಲಾರ್, ಎಲಿಕ್ವಿಸ್ ಎಂದು ಕೊಟ್ಟದ್ದು ಅಪಿಕ್ಸಬಾನ್, ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಬೇರೆ ಹೆಸರುಗಳಲ್ಲಿ ಸಿಗುತ್ತವೆ. ಅದೇ ಹಾಳೆಯಲ್ಲಿ ಹಳೆಯ ಪಟ್ಟಿಯ ಕೆಳಗೆ ಇವನ್ನೂ ಮೂಲ ಹೆಸರಿನಲ್ಲಿ ಸೇರಿಸಿ. ಸ್ಟೆಂಟ್ ಹಾಕಿದ ಹೊಸದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಂಥ ಮಾತ್ರೆ ಒಂದು ದಿನವೂ ತಪ್ಪುವಂತಿಲ್ಲ, ಹೊರಡುವಾಗ ಕೈಚೀಲದಲ್ಲಿ ಕನಿಷ್ಠ 30 ದಿನದ್ದು ಇರಲಿ.